ಜಲಪಕ್ಷಗಳ ತಾರತಮ್ಯ ವಿಚಾರ

ದೋಣಿಯ ತಳದಲ್ಲಿ ರೆಕ್ಕೆಯಾಕಾರದ ಫಲಕವನ್ನು ಅಳವಡಿಸಿ, ವೇಗವು ಹೆಚ್ಚಿದಾಗ ಅದರ ಒಡಲು ನೀರನ್ನು ಬಿಟ್ಟು ಮೇಲೇಳುವಂತೆ ಮಾಡುವ ಸಾಧನಕ್ಕೆ ಪಾಶ್ಚಾತ್ಯರು ಹೈಡ್ರೋಫಾಯಿಲ್ ಎಂದು ಹೆಸರಿಟ್ಟಿರುವರು. ಈ ಲೇಖನದಲ್ಲಿ ಅದನ್ನು ಜಲಪಕ್ಷವೆಂದು ಕರೆಯುತ್ತೇವೆ. ಪಕ್ಷವೆಂದರೆ ಇಲ್ಲಿ ರೆಕ್ಕೆಯೆಂದೇ ಅರ್ಥ. ೨೦೧೮-೧೯ರ ಸುಮಾರಿಗೆ ವಿಂಗ್ ಫಾಯಿಲಿಂಗ್ ಎಂಬ ಜಲಕ್ರೀಡೆಯು ಪ್ರಚಾರಕ್ಕೆ ಬಂದಂದಿನಿಂದ ಈ ಸಾಧನದ ಮಾತು ಕ್ರೀಡಾಪ್ರಿಯರಲ್ಲಿ ಹೆಚ್ಚಾಗಿ ಕೇಳಿಬರುತ್ತಿದೆ. ಈ ಕ್ರೀಡೆಯಲ್ಲಿ ಆಟಗಾರನು ಹಲಗೆಯೊಂದರ ಮೇಲೆ ನಿಂತು, ಗಾಳಿ ತುಂಬಿದ ಬಟ್ಟೆಯ ರೆಕ್ಕೆಯನ್ನು ಕೈಯಲ್ಲಿ ಹಿಡಿದು, ಹಲಗೆಯ ಕೆಳಗಿರುವ ಜಲಪಕ್ಷದ ಬಲದಿಂದ ನೀರಿಗೆ ಮೇಲಾಗಿ ಸಾಗುತ್ತಾನೆ.

ಇಂಥ ಸಲಕರಣೆಗಳನ್ನು ಹೋಲಿಸುವವರು ಸಾಮಾನ್ಯವಾಗಿ ವಿಸ್ತೀರ್ಣ, ಉದ್ದ, ತೂಕಗಳನ್ನು ಕೋಷ್ಟಕದಲ್ಲಿ ಬರೆದು ತೃಪ್ತರಾಗುತ್ತಾರೆ. ಚರಿತ್ರೆಯನ್ನು ಬರೆಯುವವರು ವೇಗದ ದಾಖಲೆಗಳನ್ನು ವರುಷದ ಕ್ರಮದಲ್ಲಿ ಪೋಣಿಸುತ್ತಾರೆ. ಈ ಎರಡು ವಿಧಾನಗಳಲ್ಲಿಯೂ ಮುಖ್ಯವಾದ ಪ್ರಶ್ನೆಯೊಂದು ಬಿಟ್ಟುಹೋಗುತ್ತದೆ. ನೀರನ್ನು ಬಿಟ್ಟು ಎದ್ದ ವಾಹನವು ಎಷ್ಟು ಎತ್ತರದಲ್ಲಿ ನಿಲ್ಲಬೇಕು, ಆ ಎತ್ತರವನ್ನು ಕಾಯುವವರು ಯಾರು? ಜಲಪಕ್ಷದ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಗೆ ದೊರೆತ ಉತ್ತರಗಳ ಚರಿತ್ರೆಯೆಂದೂ, ಇಂದಿನ ಸಲಕರಣೆಗಳ ತಾರತಮ್ಯವನ್ನೂ ಅದರಿಂದಲೇ ನಿರ್ಣಯಿಸಬೇಕೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ತತ್ತ್ವವನ್ನು ಸಂಕ್ಷೇಪವಾಗಿ ಹೇಳಬೇಕು. ನೀರಿನ ಸಾಂದ್ರತೆಯು ಗಾಳಿಯದಕ್ಕಿಂತ ಸುಮಾರು ೮೦೦ ಪಟ್ಟು ಹೆಚ್ಚು. ಆದುದರಿಂದ ಸಣ್ಣ ರೆಕ್ಕೆಯೂ ನೀರಿನಲ್ಲಿ ದೊಡ್ಡ ಭಾರವನ್ನು ಎತ್ತಬಲ್ಲುದು. ಎತ್ತುವ ಬಲವು ರೆಕ್ಕೆಯ ವಿಸ್ತೀರ್ಣದಂತೆಯೂ ವೇಗದ ವರ್ಗದಂತೆಯೂ ಹೆಚ್ಚುತ್ತದೆ. ವೇಗವು ಇಮ್ಮಡಿಯಾದರೆ ಬಲವು ನಾಲ್ಮಡಿಯಾಗುವುದು. ವಾಹನದ ಭಾರವಾದರೋ ಇದ್ದಷ್ಟೇ ಇರುತ್ತದೆ. ಹೆಚ್ಚಾದ ಬಲವನ್ನು ಯಾರಾದರೂ ತಗ್ಗಿಸದಿದ್ದರೆ ರೆಕ್ಕೆಯು ನೀರಿನಿಂದ ಹೊರಬಿದ್ದು, ಗಾಳಿಯನ್ನು ಒಳಗೆಳೆದುಕೊಂಡು, ಬಲವನ್ನೆಲ್ಲ ಒಮ್ಮೆಲೇ ಕಳೆದುಕೊಳ್ಳುವುದು. ವಾಹನವು ಕೆಳಗೆ ಬೀಳುವುದು. ಜ್ಞಾನದ ಪ್ರಾಮಾಣ್ಯವು ಸ್ವತಃ ಸಿದ್ಧವೆಂದು ಮೀಮಾಂಸಕರೂ ಪರತಃ ಸಿದ್ಧವೆಂದು ನೈಯಾಯಿಕರೂ ವಾದಿಸಿದುದು ವಾಚಕರಿಗೆ ತಿಳಿದೇ ಇದೆ. ಆ ಪರಿಭಾಷೆಯನ್ನು ಎರವಲಾಗಿ ತೆಗೆದುಕೊಂಡರೆ, ಎತ್ತರದ ಸ್ಥೈರ್ಯವನ್ನೂ ಸ್ವತಃ ಮತ್ತು ಪರತಃ ಎಂದು ಎರಡಾಗಿ ವಿಂಗಡಿಸಬಹುದು.

ಸ್ವತಃಸ್ಥೈರ್ಯದ ಮಾರ್ಗವೇ ಮೊದಲು ಫಲಿಸಿತು. ಇಟಲಿಯ ಎನ್ರಿಕೋ ಫೋರ್ಲಾನೀನಿ ಎಂಬವರು ೧೯೦೬ರಲ್ಲಿ ಮಾಜ್ಜೋರೆ ಸರೋವರದಲ್ಲಿ ನಡೆಸಿದ ದೋಣಿಗೆ ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದಾಗಿ ರೆಕ್ಕೆಗಳನ್ನು ಜೋಡಿಸಲಾಗಿತ್ತು. ವೇಗವು ಏರಿದಂತೆಲ್ಲ ಮೇಲಿನ ಮೆಟ್ಟಿಲುಗಳು ನೀರಿನಿಂದ ಹೊರಬಂದು, ನೀರೊಳಗಿನ ವಿಸ್ತೀರ್ಣವು ತಾನಾಗಿಯೇ ಕಡಿಮೆಯಾಗುತ್ತಿತ್ತು. ಆ ದೋಣಿಯು ಗಂಟೆಗೆ ಸುಮಾರು ೬೮ ಕಿಲೋಮೀಟರು ವೇಗವನ್ನು ಮುಟ್ಟಿತು. ಟೆಲಿಫೋನಿನ ಸಂಬಂಧದಲ್ಲಿ ಪ್ರಸಿದ್ಧರಾದ ಅಲೆಗ್ಸಾಂಡರ್ ಗ್ರಹಾಂ ಬೆಲ್ಲರೂ ಅವರ ಸಹಕಾರಿಯಾದ ಕೇಸಿ ಬಾಲ್ಡ್ವಿನ್ನರೂ ೧೯೧೦-೧೧ರ ಪ್ರವಾಸಕಾಲದಲ್ಲಿ ಫೋರ್ಲಾನೀನಿಯವರನ್ನು ಕಂಡು ಆ ದೋಣಿಯಲ್ಲಿ ಸಂಚರಿಸಿದರು. ಅವರು ಕೆನಡಾ ದೇಶದ ನೋವಾ ಸ್ಕೋಷಿಯಾದಲ್ಲಿ ನಿರ್ಮಿಸಿದ ಎಚ್‌ಡಿ-೪ ಎಂಬ ದೋಣಿಗೂ ಏಣಿಯ ರೆಕ್ಕೆಗಳೇ ಇದ್ದುವು. ೧೯೧೯ನೆಯ ಸೆಪ್ಟೆಂಬರ್ ೯ರಂದು ಅದು ಗಂಟೆಗೆ ೭೦.೮೬ ಮೈಲಿ, ಎಂದರೆ ಸುಮಾರು ೧೧೪ ಕಿಲೋಮೀಟರು, ಓಡಿ ಜಗತ್ತಿನ ದಾಖಲೆಯನ್ನು ಸ್ಥಾಪಿಸಿತು.

ಜರ್ಮನಿಯ ಹಾನ್ಸ್ ಫಾನ್ ಶೆರ್ಟೆಲ್ ಎಂಬವರು ೧೯೨೭ರಲ್ಲಿ ಪ್ರಯೋಗಗಳನ್ನಾರಂಭಿಸಿ, ಮುಂದೆ ಏಣಿಗೆ ಬದಲಾಗಿ ಇಬ್ಬದಿಗೂ ಓರೆಯಾಗಿ ಮೇಲೇರುವ ರೆಕ್ಕೆಯನ್ನು ಬಳಕೆಗೆ ತಂದರು. ದೋಣಿಯು ಒಂದು ಕಡೆಗೆ ವಾಲಿದರೆ ಆ ಕಡೆಯ ರೆಕ್ಕೆಯು ಹೆಚ್ಚು ಮುಳುಗಿ ಹೆಚ್ಚು ಬಲದಿಂದ ಮೇಲೆತ್ತುವುದು. ಅವರ ಯೋಜನೆಯಂತೆ ನಿರ್ಮಿತವಾದ ಹಡಗು ೧೯೫೩ರಲ್ಲಿ ಅದೇ ಮಾಜ್ಜೋರೆ ಸರೋವರದಲ್ಲಿ ಪ್ರಯಾಣಿಕರನ್ನು ಸಾಗಿಸಿತು. ರಷ್ಯದ ರೊಸ್ತಿಸ್ಲಾವ್ ಅಲೆಕ್ಸೇಯೆವ್ ಅವರು ಬೇರೊಂದು ಸೂಕ್ಷ್ಮವನ್ನು ಹಿಡಿದರು. ರೆಕ್ಕೆಯು ನೀರಿನ ಮೇಲ್ಮೈಗೆ ತೀರ ಸಮೀಪಿಸಿದರೆ ಅದರ ಎತ್ತುವ ಬಲವು ತಾನಾಗಿಯೇ ಕುಂದುತ್ತದೆ. ಈ ಗುಣವನ್ನವಲಂಬಿಸಿದ ಅವರ ರಾಕೆತಾ ಹಡಗು ೧೯೫೭ರಲ್ಲಿ ಗೋರ್ಕಿಯಿಂದ ಕಜಾನಿಗೆ ೪೨೦ ಕಿಲೋಮೀಟರನ್ನು ೭ ಗಂಟೆಗಳಲ್ಲಿ ಕ್ರಮಿಸಿತು. ಆದರೆ ಈ ಮಾರ್ಗಗಳಿಗೆಲ್ಲ ಮಿತಿಯುಂಟು. ಮೇಲ್ಮೈಯನ್ನು ಸೀಳುವ ರೆಕ್ಕೆಯು ಅಲೆಯ ಏರಿಳಿತಗಳನ್ನೂ ಅನುಸರಿಸುವುದರಿಂದ ಪ್ರಯಾಣವು ಕುಲುಕುವುದು. ಅಲೆಕ್ಸೇಯೆವರ ಉಪಾಯವು ನದಿಯ ಶಾಂತಜಲಕ್ಕೇ ಹೆಚ್ಚು ಹೊಂದುವುದು.

ಪರತಃಸ್ಥೈರ್ಯದಲ್ಲಿ ರೆಕ್ಕೆಯು ಪೂರ್ತಿಯಾಗಿ ಮುಳುಗಿರುತ್ತದೆ. ಎತ್ತರವನ್ನು ಬೇರೊಂದು ಯಂತ್ರವು ಕಾಯುತ್ತದೆ. ಕ್ರಿಸ್ಟೊಫರ್ ಹುಕ್ ಎಂಬವರು ೧೯೪೦ರ ದಶಕದಲ್ಲಿ ದೋಣಿಯ ಮುಂದೆ ನೀರನ್ನು ಮುಟ್ಟಿನೋಡುವ ತೋಳುಗಳನ್ನು ಚಾಚಿ, ಅವುಗಳ ಚಲನೆಯಿಂದ ರೆಕ್ಕೆಯ ಓರೆಯನ್ನು ಬದಲಾಯಿಸಿದರು. ೧೯೭೪ರಲ್ಲಿ ನೀರಿಗಿಳಿದ ಬೋಯಿಂಗ್ ಸಂಸ್ಥೆಯ ಜೆಟ್‌ಫಾಯಿಲಿನಲ್ಲಿ ಈ ಕೆಲಸವನ್ನು ವಿದ್ಯುದ್ಯಂತ್ರಗಳು ವಹಿಸಿಕೊಂಡುವು. ಮಾತ್ ಎಂಬ ಒಬ್ಬಾಳಿನ ಹಾಯಿದೋಣಿಯಲ್ಲಿ ಈ ಎರಡು ಮಾರ್ಗಗಳೂ ಎದುರುಬದುರಾದುವು. ೨೦೦೧ರಲ್ಲಿ ಬ್ರೆಟ್ ಬರ್ವಿಲ್ ಎಂಬವರು ಮೇಲ್ಮೈ ಸೀಳುವ ಓರೆರೆಕ್ಕೆಗಳಿಂದ ಜಗತ್ಪಂದ್ಯದ ಒಂದು ಓಟವನ್ನು ಗೆದ್ದರು. ಅಂಥ ಜೋಡಣೆಯಿಂದ ಅದು ಬಹುಒಡಲಿನ ದೋಣಿಯಾಗುತ್ತದೆಂದು ಅನಂತರ ನಿಷೇಧವಾಯಿತು. ಪೂರ್ತಿ ಮುಳುಗಿದ ರೆಕ್ಕೆಯೂ ಮೂತಿಯಲ್ಲಿ ನೀರನ್ನು ಸವರುವ ಕಡ್ಡಿಯೂ ಉಳಿದುವು. ೨೦೦೫ರಲ್ಲಿ ರೋಹನ್ ವೀಲ್ ಎಂಬವರು ಜಲಪಕ್ಷದಿಂದಲೇ ಜಗದ್ವಿಜಯಿಗಳಾದರು. ಇಲ್ಲಿ ಒಂದು ಮಾರ್ಗವು ಮರೆಯಾದುದು ಅದರ ದೋಷದಿಂದಲ್ಲ, ನಿಯಮದಿಂದ ಎಂಬುದನ್ನು ಚರಿತ್ರಕಾರರು ಮರೆಯಬಾರದು.

ವಿಂಗ್ ಫಾಯಿಲಿಂಗಿನ ಜಲಪಕ್ಷವೂ ಪೂರ್ತಿ ಮುಳುಗಿದುದೇ. ಆದರೆ ಅದಕ್ಕೆ ಕಡ್ಡಿಯೂ ಇಲ್ಲ, ಯಂತ್ರವೂ ಇಲ್ಲ. ಮುಂಗಾಲಿನ ಮೇಲೆ ಭಾರ ಬಿಟ್ಟರೆ ಹಲಗೆಯು ಇಳಿಯುವುದು, ಹಿಂಗಾಲಿಗೆ ಭಾರ ಕೊಟ್ಟರೆ ಏರುವುದು. ಎತ್ತರವನ್ನು ಕಾಯುವುದು ಆಟಗಾರನ ದೇಹವೇ. ಈ ದೃಷ್ಟಿಯಿಂದ ನೋಡಿದರೆ ಸಲಕರಣೆಯ ಒಂದೊಂದು ಅಂಗಕ್ಕೂ ಬೇರೆಯೇ ಅರ್ಥ ಬರುತ್ತದೆ. ಹಲಗೆಗೂ ರೆಕ್ಕೆಗೂ ನಡುವಣ ಕಂಬವು ಬಹುಮಟ್ಟಿಗೆ ೭೦ರಿಂದ ೯೦ ಸೆಂಟಿಮೀಟರು ಉದ್ದವಾಗಿರುತ್ತದೆ. ಆ ಉದ್ದವು ಆಟಗಾರನ ತಪ್ಪಿಗೆ ದೊರೆಯುವ ಅವಕಾಶ. ಹಿಂದಣ ಚಿಕ್ಕ ರೆಕ್ಕೆಯು ಓರೆಯನ್ನು ಕಾಯುತ್ತದೆ, ಎತ್ತರವನ್ನಲ್ಲ. ಈ ಎರಡನ್ನೂ ಒಂದೆಂದು ಭಾವಿಸುವುದು ಹೊಸಬರಲ್ಲಿ ಸಾಮಾನ್ಯವಾದ ಭ್ರಮೆ. ಎರಡು ರೆಕ್ಕೆಗಳನ್ನು ಕೂಡಿಸುವ ದಂಡವು ಉದ್ದವಾದಷ್ಟೂ ಓರೆಯ ಬದಲಾವಣೆ ನಿಧಾನ. ಗಿಡ್ಡವಾದಷ್ಟೂ ತಿರುವು ಸುಲಭ.

ಮುಂದಣ ರೆಕ್ಕೆಯ ನೀಳತೆಯನ್ನು ಅಳೆಯಲು ತುದಿಯಿಂದ ತುದಿಗಿರುವ ಉದ್ದದ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸುತ್ತಾರೆ. ೮೦ ಸೆಂಟಿಮೀಟರು ಉದ್ದದ ೧೬೦೦ ಚದರ ಸೆಂಟಿಮೀಟರು ರೆಕ್ಕೆಗೆ ಈ ಸಂಖ್ಯೆಯು ೪. ೧೦೦ ಸೆಂಟಿಮೀಟರು ಉದ್ದದ ೧೦೦೦ ಚದರ ಸೆಂಟಿಮೀಟರು ರೆಕ್ಕೆಗೆ ೧೦. ನೀಳವಾದುದು ನೀರಿನ ತಡೆಯನ್ನು ಕಡಿಮೆ ಮಾಡಿ ದೂರ ಜಾರುವುದು. ಆದರೆ ಓರೆಯ ಸಣ್ಣ ವ್ಯತ್ಯಾಸಕ್ಕೂ ಥಟ್ಟನೆ ಓಗೊಡುವುದು. ಅಗಲವಾದುದು ನಿಧಾನ, ಆದರೆ ಕ್ಷಮಾಶೀಲ. ವಿಸ್ತೀರ್ಣವನ್ನು ಅರ್ಧಕ್ಕಿಳಿಸಿದರೆ ಅದೇ ಭಾರವನ್ನು ಅದೇ ಓರೆಯಲ್ಲಿ ಎತ್ತಲು ವೇಗವು ಸುಮಾರು ೧.೪ ಪಟ್ಟಾಗಬೇಕು, ಅಷ್ಟು ವೇಗವನ್ನು ಗಳಿಸುವ ಹೊಣೆ ಗಾಳಿಗೂ ಆಟಗಾರನಿಗೂ ಸೇರಿದುದು.

ಏಣಿಯು ಬಾಲ್ಯ, ಯಂತ್ರವು ಯೌವನ, ನೀಳವಾದ ಹೊಸ ರೆಕ್ಕೆಯೇ ಪರಿಪಾಕವೆಂದು ಕೆಲವರು ಆಕ್ಷೇಪಿಸಬಹುದು. ಈ ಪಕ್ಷವು ನಿಲ್ಲುವುದಿಲ್ಲ. ಫೋರ್ಲಾನೀನಿಯವರ ದೋಣಿಯಲ್ಲಿ ಆಕಾರವು ಹೊತ್ತಿದ್ದ ಕರ್ತವ್ಯವನ್ನು ಜೆಟ್‌ಫಾಯಿಲಿನಲ್ಲಿ ಯಂತ್ರವು ಹೊತ್ತಿತು. ಇಂದಿನ ಹಲಗೆಯ ಮೇಲೆ ಮನುಷ್ಯನು ಹೊತ್ತಿದ್ದಾನೆ. ಕರ್ತವ್ಯವು ಕೈಬದಲಾಗಿದೆಯೇ ಹೊರತು ಕಳೆದುಹೋಗಿಲ್ಲ. ಆದುದರಿಂದ ಎರಡು ಜಲಪಕ್ಷಗಳಲ್ಲಿ ಯಾವುದು ಮೇಲೆಂದು ಕೇಳುವವರು, ಅವು ಯಾವ ಭಾರವನ್ನು ತಾವು ಹೊತ್ತು ಯಾವುದನ್ನು ತಮಗೆ ಬಿಡುತ್ತವೆಂದು ಮೊದಲು ವಿಚಾರಿಸತಕ್ಕದ್ದು. ಆ ವಿಚಾರವಿಲ್ಲದ ಕೋಷ್ಟಕವು ಅಳತೆಗಳ ಸಂಗ್ರಹವಾದೀತು, ತಾರತಮ್ಯವಾಗಲಾರದು.