ನ್ಯೂಸ್‌ಗ್ರೂಪ್ ಬರಹಗಳನ್ನು ಮೇಲ್ ಫೋಲ್ಡರ್‌ಗೆ ಇಳಿಸಿದ ಶೆಲ್ ಸ್ಕ್ರಿಪ್ಟ್‌ಗಳು

ಯೂಸ್‌ನೆಟ್ ಎಂಬ ಚರ್ಚಾಜಾಲದ ಬರಹಗಳು ಸರ್ವರ್‌ನಿಂದ ಅಳಿಸಿಹೋಗುವ ಮೊದಲೇ ಅವನ್ನು ಮೇಲ್ ಕಡತಗಳಾಗಿ ಮಾರ್ಪಡಿಸಿ ಉಳಿಸಿಕೊಳ್ಳುವ ವಿಧಾನವಿದು. ಯುನಿಕ್ಸ್ ಬಳಸುವವರಲ್ಲಿ 1980 ಮತ್ತು 90ರ ದಶಕಗಳಲ್ಲಿ ರೂಢಿಯಲ್ಲಿತ್ತು. ಕನ್ನಡಿಗರಿಗೆ ಇದು ಮುಖ್ಯವಾಗುವುದು ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ ಎಂಬ ನ್ಯೂಸ್‌ಗ್ರೂಪ್, ಅಂದರೆ ಯೂಸ್‌ನೆಟ್ ಚರ್ಚಾಗುಂಪಿನಿಂದಾಗಿ. 1990ರ ದಶಕದಲ್ಲಿ ಹೊರದೇಶಗಳಲ್ಲಿ ಓದುತ್ತಿದ್ದ, ದುಡಿಯುತ್ತಿದ್ದ ಕನ್ನಡಿಗರು ಊರಿನ ಸುದ್ದಿ, ಸಿನಿಮಾ, ಸಾಹಿತ್ಯ, ರಾಜಕೀಯ ಎಲ್ಲವನ್ನೂ ಅಲ್ಲಿ ಚರ್ಚಿಸಿದರು. ಆ ಪೀಳಿಗೆಯ ಬದುಕನ್ನು ಬರೆಯಹೊರಟವರು ಈ ಗುಂಪಿನ ಬರಹಗಳನ್ನು ಆಕರವೆಂದೇ ಎಣಿಸಬೇಕು.

ಯೂಸ್‌ನೆಟ್ ಹುಟ್ಟಿದ್ದೇ ಶೆಲ್ ಸ್ಕ್ರಿಪ್ಟ್‌ನಲ್ಲಿ, ಅಂದರೆ ಯುನಿಕ್ಸ್ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟ ಕಡತದಲ್ಲಿ. 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಇದರ ಯೋಚನೆ ಮುಂದಿಟ್ಟಾಗ, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿದ್ದ ಸ್ಟೀವ್ ಬೆಲೊವಿನ್ ಮೊದಲ ಮಾದರಿಯನ್ನು ಶೆಲ್‌ನಲ್ಲೇ ಬರೆದರು. ಮುಂದೆ ತಂತ್ರಾಂಶವನ್ನು ಸಿ ಭಾಷೆಯಲ್ಲಿ ಮತ್ತೆ ಮತ್ತೆ ಬರೆದರೂ ಬರಹ ಕೂಡಿಡುವ ರೀತಿ ಬಹುಕಾಲ ಸರಳವಾಗಿಯೇ ಉಳಿಯಿತು. ಗುಂಪಿಗೊಂದು ಡೈರೆಕ್ಟರಿ, ಬರಹಕ್ಕೊಂದು ಫೈಲ್, ಫೈಲಿಗೆ ಬರೀ ಅಂಕಿಯೇ ಹೆಸರು. ಡಿಸ್ಕ್ ತುಂಬದಿರಲೆಂದು ಎಕ್ಸ್‌ಪೈರ್ ಎಂಬ ಪ್ರೋಗ್ರಾಂ ರಾತ್ರಿ ಹೊತ್ತು ಓಡಿ ಹಳೆಯವನ್ನು ಅಳಿಸುತ್ತಿತ್ತು. ಒಂದು ಬರಹದ ಆಯಸ್ಸು ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ.

ಮಾರ್ಪಾಡು ಸುಲಭವಾಗಿದ್ದಕ್ಕೆ ಕಾರಣ ತಲೆಬರಹಗಳ ಹೋಲಿಕೆ. ಮೇಲ್‌ನ ರೂಪವನ್ನು 1982ರ ಆರ್‌ಎಫ್‌ಸಿ 822 ಎಂಬ ಮಾನದಂಡ ದಾಖಲೆ ಗೊತ್ತುಮಾಡಿತು. ಮರುವರ್ಷ ಬಂದ ಆರ್‌ಎಫ್‌ಸಿ 850 ನ್ಯೂಸ್ ಬರಹಗಳಿಗೂ ಅದೇ ರೂಪ ಕೊಟ್ಟಿತು: ಕಳಿಸಿದವರು, ವಿಷಯ, ದಿನಾಂಕ, ಮೆಸೇಜ್ ಐಡಿ. ರ‍್ಯಾಂಡ್ ಸಂಸ್ಥೆಯಲ್ಲಿ ರೂಪುಗೊಂಡ ಎಂಎಚ್ ಮೇಲ್ ವ್ಯವಸ್ಥೆಯಲ್ಲೂ ಪತ್ರಕ್ಕೊಂದು ಅಂಕಿಯ ಫೈಲ್ ಇದ್ದುದರಿಂದ, ಅದನ್ನು ಬಳಸುವವರಿಗೆ ಬರೀ ನಕಲು ಮಾಡಿದರೆ ಸಾಕಿತ್ತು.

ಎಂಬಾಕ್ಸ್ ಎಂಬ ಮೇಲ್ ಕಡತರೂಪ ಬಳಸುವವರಿಗೆ ಇನ್ನಷ್ಟು ಕೆಲಸವಿತ್ತು. ಅಲ್ಲಿ ಎಲ್ಲ ಪತ್ರಗಳೂ ಒಂದೇ ಫೈಲಿನಲ್ಲಿ ಸಾಲಾಗಿ ಕೂರುತ್ತವೆ. ‘ಫ್ರಮ್’ ಎಂಬ ಪದ, ಒಂದು ಖಾಲಿ ಜಾಗ, ವಿಳಾಸ, ದಿನಾಂಕ ಇರುವ ಸಾಲು ಬಂದರೆ ಹೊಸ ಪತ್ರ ಶುರು. ಸ್ಕ್ರಿಪ್ಟ್ ಮಾಡಬೇಕಾದದ್ದು ಇಷ್ಟು: ಒಂದು ಫಾರ್ ಲೂಪ್‌ನಲ್ಲಿ ಫೈಲುಗಳನ್ನು ಒಂದೊಂದಾಗಿ ತೆಗೆದು, ಮೇಲೆ ಆ ಸಾಲು ಸೇರಿಸಿ, ಕೆಳಗೆ ಖಾಲಿ ಸಾಲು ಬಿಟ್ಟು, ಮೇಲ್ ಫೈಲಿನ ತುದಿಗೆ ಅಂಟಿಸುವುದು. ತೊಡಕು ಬರುತ್ತಿದ್ದುದು ಒಳಗಿನ ಮಾತಿನಲ್ಲಿ. ಯಾರಾದರೂ ಹೊಸ ಪ್ಯಾರಾವನ್ನು ‘ಫ್ರಮ್ ಬೆಂಗಳೂರು’ ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ್ದರೆ ಎಷ್ಟೋ ಮೇಲ್ ಪ್ರೋಗ್ರಾಂಗಳು ಅಲ್ಲೇ ಪತ್ರವನ್ನು ಎರಡಾಗಿ ಸೀಳುತ್ತಿದ್ದವು. ಅದಕ್ಕೇ ಸೆಡ್ ಆಜ್ಞೆಯಿಂದ ಅಂಥ ಸಾಲಿನ ಮುಂದೆ ಬಾಣದ ಗುರುತು ಹಾಕುವ ಪದ್ಧತಿ ಬಂತು. ಇನ್ನೊಂದು ತೊಡಕು ಅನುಕ್ರಮದ್ದು. ಶೆಲ್ ಫೈಲಿನ ಹೆಸರನ್ನು ಅಕ್ಷರವೆಂದು ಓದುತ್ತದೆ, ಸಂಖ್ಯೆಯೆಂದಲ್ಲ. ಹಾಗಾಗಿ 10000ನೇ ಬರಹ 9999ಕ್ಕಿಂತ ಮೊದಲು ಬಂದು, ಪ್ರಶ್ನೆಗೆ ಮುಂಚೆ ಉತ್ತರ ಕಾಣಿಸಿಕೊಳ್ಳುತ್ತಿತ್ತು. ಸಾರ್ಟ್ ಆಜ್ಞೆಗೆ ಸಂಖ್ಯೆಯಾಗಿ ಜೋಡಿಸು ಎಂದು ಹೇಳಿದರೆ ಇದು ಸರಿಹೋಗುತ್ತದೆ.

ಕಾವೇರಿಯಂಥ ವಿಷಯ ಎದ್ದಾಗ ಒಂದೇ ಬರಹವನ್ನು ಕರ್ನಾಟಕ, ತಮಿಳು, ಅಖಿಲ ಭಾರತದ ಗುಂಪುಗಳಿಗೆ ಒಟ್ಟಿಗೆ ಹಾಕುವುದು ಸಾಧ್ಯವಿತ್ತು. ಸರ್ವರ್‌ನಲ್ಲಿ ಅದು ಒಂದೇ ಫೈಲ್, ಹೆಸರು ಮಾತ್ರ ಮೂರು. ಮೇಲ್‌ಗೆ ಇಳಿಸಿದಾಗ ಮೂರು ಪ್ರತಿಗಳಾಗುತ್ತಿದ್ದವು. 1990ರಲ್ಲಿ ಸ್ಟೀಫನ್ ವಾನ್ ಡೆನ್ ಬರ್ಗ್ ಬರೆದ, ಮೇಲ್ ವಿಂಗಡಿಸುವ ಪ್ರಾಕ್‌ಮೇಲ್ ಪ್ರೋಗ್ರಾಂನ ಜೊತೆಗಾರ ಫಾರ್‌ಮೇಲ್, ಮೆಸೇಜ್ ಐಡಿಯನ್ನು ನೆನಪಿಟ್ಟುಕೊಂಡು ಇಂಥ ನಕಲುಗಳನ್ನು ಗುರುತಿಸಬಲ್ಲದು; ‘ಫ್ರಮ್’ ಸಾಲನ್ನೂ ಅದೇ ಸೇರಿಸುತ್ತದೆ. ಅದು ಕೈಗೆ ಸಿಕ್ಕ ಮೇಲೆ ಹಲವು ಸಾಲಿನ ಸ್ಕ್ರಿಪ್ಟ್‌ಗಳು ಒಂದೆರಡು ಸಾಲಿಗೆ ಇಳಿದವು.

ಭಾರತದಲ್ಲಿ 1995ರ ಆಗಸ್ಟ್ 15ರಂದು ಸರ್ಕಾರಿ ದೂರಸಂಪರ್ಕ ಸಂಸ್ಥೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಅಗ್ಗದ ಸಂಪರ್ಕವೆಂದರೆ ಚಿತ್ರಗಳಿಲ್ಲದ ಶೆಲ್ ಅಕೌಂಟ್. ತಿಪಟೂರಿನಂಥ ಸಣ್ಣ ಊರಿನಿಂದ ಬೆಂಗಳೂರಿಗೆ ಡಯಲ್ ಮಾಡಿದರೆ ಎಸ್‌ಟಿಡಿ ದರ ಬೀಳುತ್ತಿದ್ದ ಕಾಲವದು. ಬರಹಗಳನ್ನು ಒಮ್ಮೆಲೇ ಇಳಿಸಿಕೊಂಡು ಸಂಪರ್ಕ ಕಡಿದು ನಿಧಾನವಾಗಿ ಓದುವುದರ ಬೆಲೆ ಇಂಥ ಊರುಗಳಿಗೇ ಹೆಚ್ಚು ಗೊತ್ತಾಗುವಂಥದ್ದು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದರ ಪಠ್ಯಕ್ರಮದಲ್ಲಿ ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ಒಂದು ವಿಷಯವಾದ ಮೇಲೆ, ಫಾರ್ ಲೂಪ್, ಸೆಡ್, ಆಕ್‌ಗಳು ತಿಪಟೂರಿನ ಕಲ್ಪತರು ತಾಂತ್ರಿಕ ಕಾಲೇಜಿನಂಥ ಕಡೆಗೂ ತಲುಪಿದವು. ಅಷ್ಟರಲ್ಲಿ ಜನ ಯೂಸ್‌ನೆಟ್ ಬಿಟ್ಟು ವೆಬ್‌ಗೆ ಸರಿಯತೊಡಗಿದ್ದರು.

ಉಳಿದ ಬರಹಗಳಲ್ಲಿ ಬೇಕಾದ್ದನ್ನು ಹುಡುಕುವುದು ಬೇರೆಯೇ ಕೆಲಸ. ಆಗಿನ ಕನ್ನಡವೆಲ್ಲ ರೋಮನ್ ಲಿಪಿಯಲ್ಲಿತ್ತು. ಕೆಲವರು ಅವಿನಾಶ್ ಚೋಪಡೆಯವರ ಐಟ್ರಾನ್ಸ್ ಕ್ರಮ ಹಿಡಿದರೆ, ಮಿಕ್ಕವರು ಕೈಗೆ ಬಂದಂತೆ ಬರೆದರು. ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯ ಹೆಸರನ್ನು ಪದ ಹುಡುಕುವ ಗ್ರೆಪ್ ಆಜ್ಞೆಯಿಂದ ಅರಸುವವರು ಒಂದು ‘ಎ’, ಎರಡು ‘ಎ’, ನಡುವೆ ‘ಯು’ ಇರುವುದು, ಇಲ್ಲದಿರುವುದು ಎಲ್ಲವನ್ನೂ ಮಾದರಿಯಲ್ಲಿ ಸೇರಿಸಬೇಕು. ಯುನಿಕೋಡ್ ಬಂದ ಮೇಲೆ ಕಾಗುಣಿತದ ಗೊಂದಲ ತಪ್ಪಿತು, ಆದರೆ ಯುಟಿಎಫ್-8ರಲ್ಲಿ ‘ಹಾಲ್ಕುರಿಕೆ’ ಎಂಬುದು 30 ಬೈಟ್. ಇಂಥ ಒಂದೊಂದು ಬೈಟನ್ನೂ ಮೂರು ಚಿಹ್ನೆಗಳಲ್ಲಿ ಬರೆಯುವ ಕೋಟೆಡ್-ಪ್ರಿಂಟಬಲ್ ಎಂಬ ಮೇಲ್ ರೂಪದಲ್ಲಿ ಕಳಿಸಿದರೆ ಅದೇ 90 ಚಿಹ್ನೆಗಳಾಗುತ್ತದೆ. ಆ ರೂಪದಲ್ಲಿ ಸಾಲಿಗೆ 76 ಚಿಹ್ನೆಗಳೇ ಮಿತಿ. ಹೆಸರು ನಡುವೆ ಮುರಿದು ಕೆಳಗಿನ ಸಾಲಿಗೆ ಬೀಳುತ್ತದೆ. ಮೊದಲು ಅದನ್ನು ಬಿಡಿಸದೆ ಗ್ರೆಪ್ ಏನನ್ನೂ ಕಾಣದು.

ದೊಡ್ಡ ಸಂಗ್ರಹಗಳೂ ಹೀಗೆ ಎತ್ತಿಟ್ಟವರಿಂದಲೇ ಬಂದವು. ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿದ್ದ ಹೆನ್ರಿ ಸ್ಪೆನ್ಸರ್ 1981ರಿಂದ ಟೇಪುಗಳಲ್ಲಿ ಉಳಿಸಿದ್ದು 141 ಟೇಪುಗಳಷ್ಟಾಗಿ, 2001ರ ಹೊತ್ತಿಗೆ ಗೂಗಲ್ ಸಂಗ್ರಹ ಸೇರಿತು. 2024ರ ಫೆಬ್ರವರಿಯಲ್ಲಿ ಗೂಗಲ್ ಗ್ರೂಪ್ಸ್ ಹೊಸ ಯೂಸ್‌ನೆಟ್ ಬರಹಗಳನ್ನು ನಿಲ್ಲಿಸಿ, ಹಳೆಯವನ್ನಷ್ಟೇ ಇಟ್ಟುಕೊಂಡಿತು. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಗುಂಪುವಾರು ಸಿಗುವ ಕಡತಗಳು ಜಿಪ್ ಮಾಡಿದ ಎಂಬಾಕ್ಸ್ ರೂಪದಲ್ಲೇ ಇವೆ. 2024ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ 3.13ನೇ ಆವೃತ್ತಿ, ನ್ಯೂಸ್ ಸರ್ವರ್ ಜೊತೆ ವ್ಯವಹರಿಸುವ ಎನ್‌ಎನ್‌ಟಿಪಿಲಿಬ್ ಭಾಗವನ್ನು ಕೈಬಿಟ್ಟಿತು. ಎಂಬಾಕ್ಸ್ ಓದುವ ಭಾಗವನ್ನು ಉಳಿಸಿಕೊಂಡಿದೆ.