ತಾರೀಕು ಕತ್ತರಿಸಿದ ಮೇಲೂ ಉಳಿದ ಚಿತ್ರ

ಡಿಸೆಂಬರ್ ತಿಂಗಳು ಮುಗಿಯುತ್ತ ಬಂದಂತೆ ಕುರ್ಲಾದ ನಮ್ಮ ಚಾಳಿನಲ್ಲಿ ಕ್ಯಾಲೆಂಡರುಗಳದೇ ಮಾತು. ಕಿರಾಣಿ ಅಂಗಡಿಯವರು, ಔಷಧದ ಅಂಗಡಿಯವರು ಕೊಟ್ಟವುಗಳಲ್ಲಿ ಯಾವುದು ಗೋಡೆಗೇರಬೇಕೆಂದು ತೀರ್ಮಾನಿಸುವ ಅಧಿಕಾರ ನಮ್ಮ ತಾಯಿಯವರದು. ವರ್ಷ ಕಳೆದ ಮೇಲೆ ಹಳೆಯದನ್ನು ಎಸೆಯುವಂತಿರಲಿಲ್ಲ, ಏಕೆಂದರೆ ಅದರಲ್ಲಿ ದೇವರಿದ್ದಾನೆ. ಕೆಳಗಿನ ತಾರೀಕುಗಳನ್ನು ಕತ್ತರಿಸಿ ಚಿತ್ರಕ್ಕೆ ಕಟ್ಟು ಹಾಕಿಸುತ್ತಿದ್ದರು. ದೇವರಿಲ್ಲದ ಹಾಳೆಗಳು ನಮ್ಮ ಶಾಲೆಯ ಪುಸ್ತಕಗಳಿಗೆ ಹೊದಿಕೆಯಾಗುತ್ತಿದ್ದವು.

ಈಚೆಗೆ ಮನೆಗೆ ಬಣ್ಣ ಬಳಿಸುವಾಗ ಅಂಥದೊಂದು ರಾಧಾಕೃಷ್ಣರ ಚಿತ್ರವನ್ನು ಕೆಳಗಿಳಿಸಿದೆ. ಹನ್ನೆರಡನೆಯ ಇಯತ್ತೆಯಲ್ಲಿ ವಿಜ್ಞಾನ ಓದುತ್ತಿರುವ ಮಗಳು ಗಾಜಿನ ಧೂಳು ಒರೆಸಿ ಮೂಲೆಯಲ್ಲಿದ್ದ ರುಜುವನ್ನು ಓದಿದಳು: ಎಸ್. ಎಂ. ಪಂಡಿತ್. “ಅಪ್ಪಾ, ಬರೀ ಚಿತ್ರ ಬರೆದೇ ಇವರ ಸಂಸಾರ ನಡೀತಿತ್ತಾ?” ಎಂದು ಕೇಳಿದಳು.

ಪ್ರಶ್ನೆ ಪಂಡಿತರನ್ನು ಕುರಿತದ್ದಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೆ ಕಲಾಶಾಲೆ ಸೇರುವ ಆಸೆ. ನಾನೋ ಬಿಎಸ್ಸಿ ಮುಗಿಸಿ, ಪರೀಕ್ಷೆ ಬರೆದು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾದವನು. ಒಂದನೆಯ ತಾರೀಕಿನ ಸಂಬಳದ ಬೆಲೆ ಬಲ್ಲವನು. “ಮೊದಲು ಡಿಗ್ರಿ ಆಗಲಿ, ಚಿತ್ರ ಆಮೇಲೆ ಬರೆದರಾಯಿತು” ಎಂದು ಎರಡು ವರ್ಷದಿಂದ ದಿನ ದೂಡುತ್ತಿದ್ದೆ. ಈ ಸಲ ಹಾಗೆ ಹಾರಿಕೆಯ ಉತ್ತರ ಕೊಡಲು ಮನಸ್ಸು ಬರಲಿಲ್ಲ. ಹುಡುಕಿ ಓದಿದಾಗ ತಿಳಿದದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಥೆ ಆರಂಭವಾಗುವುದು ನಮ್ಮ ನೆರೆಯಲ್ಲಿಯೇ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು ಕುರ್ಲಾದ ಮೇಲೆಯೇ ಹಾದು ಹೋಗಿತ್ತು. ಅದೇ ಹಳಿಯ ಮೇಲೆ, ಈಗಿನ ಲೆಕ್ಕದಲ್ಲಿ ಕುರ್ಲಾದಿಂದ ಎರಡನೆಯ ನಿಲ್ದಾಣ ಘಾಟ್‌ಕೋಪರ್. ರಾಜಾ ರವಿವರ್ಮರು 1894ರಲ್ಲಿ ತಮ್ಮ ಚಿತ್ರಗಳ ಮುದ್ರಣಾಲಯವನ್ನು ತೆರೆದದ್ದು ಆ ಘಾಟ್‌ಕೋಪರಿನಲ್ಲಿ. ರಾಜರ ಅರಮನೆಗಳಲ್ಲಿದ್ದ ಲಕ್ಷ್ಮಿ, ಸರಸ್ವತಿ, ಶಕುಂತಲೆಯರು ಬಡವರ ಗೋಡೆಗೂ ಬಂದದ್ದು ಇಂಥ ಅಚ್ಚಿನಿಂದಲೇ.

ಆ ಮುದ್ರಣಕ್ಕೆ ಕಲ್ಲಚ್ಚು ಎಂದು ಹೆಸರು. ಜರ್ಮನಿಯ ಸೆನೆಫೆಲ್ಡರ್ ಎಂಬಾತ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ವಿದ್ಯೆ ಇದು. ಎಣ್ಣೆಗೂ ನೀರಿಗೂ ಹೊಂದುವುದಿಲ್ಲವೆಂಬ ಸಾಮಾನ್ಯ ಸಂಗತಿಯೇ ಇದಕ್ಕೆ ಆಧಾರ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರ ಬರೆಯುತ್ತಾರೆ. ಕಲ್ಲನ್ನು ಒದ್ದೆ ಮಾಡಿದರೆ ನೀರು ಬರಿಯ ಕಲ್ಲಿನ ಮೇಲೆ ನಿಲ್ಲುತ್ತದೆ, ಜಿಡ್ಡಿನ ಗೆರೆಯ ಮೇಲೆ ನಿಲ್ಲುವುದಿಲ್ಲ. ಆಮೇಲೆ ಎಣ್ಣೆಯ ಮಸಿ ಉರುಳಿಸಿದರೆ ಅದು ಗೆರೆಗಷ್ಟೇ ಅಂಟುತ್ತದೆ. ಕಾಗದ ಒತ್ತಿದರೆ ಚಿತ್ರ ಸಿದ್ಧ. ಆದರೆ ಬಣ್ಣಕ್ಕೊಂದು ಕಲ್ಲು ಬೇಕು. ಹತ್ತು ಬಣ್ಣವಿದ್ದರೆ ಅದೇ ಹಾಳೆ ಹತ್ತು ಸಲ ಒತ್ತಿಗೆ ಸಿಗಬೇಕು. ಒಮ್ಮೆ ಕೂದಲೆಳೆಯಷ್ಟು ಜಾರಿದರೂ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಬಂದೀತು! ಆದುದರಿಂದ ಚಿತ್ರಕಾರನೊಬ್ಬನೇ ಸಾಲದು. ಬಣ್ಣಗಳನ್ನು ಬಿಡಿಸಿ ಕಲ್ಲಿಗಿಳಿಸುವವರು, ಯಂತ್ರ ನಡೆಸುವವರು, ಕಾಗದದ ಗುಣ ಬಲ್ಲವರು, ಎಲ್ಲರೂ ಬೇಕು. ಒಂದು ಚಿತ್ರದ ಹಿಂದೆ ಹಲವು ಮನೆಗಳ ಒಲೆ ಉರಿಯುತ್ತಿತ್ತು.

ಆದರೆ ಸ್ವತಃ ರವಿವರ್ಮರಿಗೆ ಮುದ್ರಣಾಲಯ ಕೈಹಿಡಿಯಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಮುದ್ರಣಾಲಯವು ಲೋಣಾವಳದ ಸಮೀಪದ ಮಳವಲಿಗೆ ಹೋಯಿತು. ಸಾಲ ಬೆಳೆದು ಕೊನೆಗೆ ಜರ್ಮನ್ ತಂತ್ರಜ್ಞ ಫ್ರಿಟ್ಸ್ ಶ್ಲೈಖರ್ ಅವರ ಕೈಗೆ ಮಾರಾಟವಾಯಿತು. ದೇಶದ ಮನೆಮನೆಗೆ ಲಕ್ಷ್ಮಿಯನ್ನು ಕಳುಹಿಸಿದವರ ಖಜಾನೆಯಲ್ಲಿ ಲಕ್ಷ್ಮಿ ನಿಲ್ಲಲಿಲ್ಲ. ಚಿತ್ರ ಬರೆಯುವ ಕೈ ಬೇರೆ, ಕಾರಖಾನೆ ನಡೆಸುವ ಕೈ ಬೇರೆ ಎಂಬುದು ಇದರಿಂದ ಸಿಗುವ ಮೊದಲ ಪಾಠ.

ಎರಡನೆಯ ಪಾಠಕ್ಕೆ ಪಂಡಿತರತ್ತ ಬರೋಣ. ಸಾಂಬಾನಂದ ಮೋನಪ್ಪ ಪಂಡಿತರು ಹುಟ್ಟಿದ್ದು 1916ರಲ್ಲಿ, ಅಂದು ನಿಜಾಮರ ಆಳ್ವಿಕೆಗೆ ಸೇರಿದ್ದ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ. ಊರಿನಲ್ಲಿ ಮೊದಲ ಪಾಠ, ಬಳಿಕ ಮದರಾಸಿನ ಕಲಾಶಾಲೆ, ಅಲ್ಲಿಂದ ಮುಂಬಯಿ. ಇಲ್ಲಿ ಕನ್ನಡಿಗರೇ ಆದ ದಂಡಾವತಿಮಠರು ನಡೆಸುತ್ತಿದ್ದ ನೂತನ ಕಲಾಮಂದಿರ ಅವರಿಗೆ ಆಸರೆಯಾಯಿತು. ಆ ಮೇಲೆ ಜೆ. ಜೆ. ಕಲಾಶಾಲೆ. ಸರ್ ಜಮಶೇಟ್‌ಜಿ ಜೀಜೀಭಾಯಿಯವರು ಕೊಟ್ಟ ಒಂದು ಲಕ್ಷ ರೂಪಾಯಿಯ ದಾನದಿಂದ 1857ರಲ್ಲಿ ಆರಂಭವಾದ ಆ ಶಾಲೆಯಲ್ಲಿ 1935ರಲ್ಲಿ ವಾಣಿಜ್ಯ ಕಲೆಯ ವಿಭಾಗ ಬಂತು. ಜಾಹೀರಾತು, ಭಿತ್ತಿಪತ್ರ, ಲೇಬಲ್ಲು ಬರೆಯುವುದನ್ನೂ ಕಲಿಸತಕ್ಕ ವಿದ್ಯೆಯೆಂದು ಶಾಲೆ ಒಪ್ಪಿಕೊಂಡ ವರ್ಷವದು. ಆ ವಿಭಾಗವೇ 1961ರಲ್ಲಿ ಪ್ರತ್ಯೇಕ ಸಂಸ್ಥೆಯಾಯಿತು.

ಪಂಡಿತರಿಗೆ ಅನ್ನ ಕೊಟ್ಟದ್ದು ಅರಮನೆಯಲ್ಲ, ಸಿನಿಮಾ. ಧೋಬಿತಲಾವಿನ ಮೆಟ್ರೋ ಚಿತ್ರಮಂದಿರ 1938ರಲ್ಲಿ ತೆರೆಯಿತು. ಅಲ್ಲಿಗೆ ಬರುತ್ತಿದ್ದ ಹಾಲಿವುಡ್ ಚಿತ್ರಗಳಿಗೆ ಒಳಾಂಗಣದಲ್ಲಿ ತೂಗುಹಾಕುವ ಶೋಕಾರ್ಡುಗಳನ್ನು ಅವರು ಬರೆದರು. ಬಾಬುರಾವ್ ಪಟೇಲರ ‘ಫಿಲ್ಮ್‌ಇಂಡಿಯಾ’ ಪತ್ರಿಕೆಗೆ ಮುಖಚಿತ್ರ ಬರೆದರು. ಶಿವಾಜಿ ಪಾರ್ಕಿನ ಬಳಿ ಸ್ವಂತ ಸ್ಟುಡಿಯೋ ಮಾಡಿದರು. ಕಂಪೆನಿಗಳ ಕ್ಯಾಲೆಂಡರಿಗೆ ರಾಧಾಕೃಷ್ಣ, ನಳದಮಯಂತಿ, ವಿಶ್ವಾಮಿತ್ರ ಮೇನಕೆಯರನ್ನು ಬರೆದರು. ಸಿನಿಮಾದ ಬೆಳಕು ಬೀಳುವ ರೀತಿ, ತಾರೆಯರ ಮೈಕಾಂತಿ, ಇವು ಪುರಾಣದ ಮುಖಗಳಿಗೆ ಬಂದದ್ದು ಹೀಗೆ. ನಮ್ಮ ತಾಯಿ ಕೈಮುಗಿಯುತ್ತಿದ್ದ ರಾಧೆಯಲ್ಲಿ ಮೆಟ್ರೋದ ನಾಯಕಿಯ ಛಾಯೆ ಇದ್ದಿರಬಹುದು. ಅದರಿಂದ ಅವರ ಭಕ್ತಿಗೇನೂ ಕೊರತೆಯಾಗಲಿಲ್ಲ!

ಈ ಕಸುಬಿನ ನಿಯಮಗಳು ಕಠಿಣ. ಸಿನಿಮಾ ಶುಕ್ರವಾರ ಬಿಡುಗಡೆಯೆಂದರೆ ಶೋಕಾರ್ಡು ಗುರುವಾರವೇ ಸಿದ್ಧವಿರಬೇಕು. ಜನವರಿಯ ಕ್ಯಾಲೆಂಡರಿನ ಚಿತ್ರ ತಿಂಗಳುಗಟ್ಟಲೆ ಮೊದಲೇ ಅಚ್ಚಿಗೆ ಹೋಗಬೇಕು. ಗಿರಾಕಿ ಕೃಷ್ಣನನ್ನು ಕೇಳಿದರೆ ಶಿವನನ್ನು ಕೊಡುವಂತಿಲ್ಲ. ಸ್ಫೂರ್ತಿ ಬರಲಿ ಎಂದು ಕುಳಿತವನಿಗೆ ಇಲ್ಲಿ ಜಾಗವಿಲ್ಲ. ಇನ್ನೊಂದು ನಷ್ಟವೂ ಉಂಟು. ಜನರು ಮೆಚ್ಚಿದ್ದನ್ನು ಕಲಾವಿಮರ್ಶಕರು ‘ಕ್ಯಾಲೆಂಡರ್ ಕಲೆ’ ಎಂದು ಬದಿಗೆ ಸರಿಸಿದರು. ಮುಂದೆ ಪಂಡಿತರು ಮುಂಬಯಿ ಬಿಟ್ಟು ಊರಿಗೆ ಮರಳಿ, ತಮ್ಮ ಮನಸ್ಸಿಗೆ ಬಂದ ಪೌರಾಣಿಕ ಚಿತ್ರಗಳನ್ನೇ ಎಣ್ಣೆಬಣ್ಣದಲ್ಲಿ ದೊಡ್ಡದಾಗಿ ಬರೆಯುತ್ತ ಉಳಿದರು. 1993ರಲ್ಲಿ ತೀರಿಕೊಂಡರು.

ಬೇರೆ ದಾರಿ ಹಿಡಿದವರೂ ನಮ್ಮವರಲ್ಲಿದ್ದರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು 1940ರಿಂದ 1945ರವರೆಗೆ ಜೆ. ಜೆ. ಶಾಲೆಯಲ್ಲಿ ಪಾಠ ಹೇಳುತ್ತ ತಮ್ಮ ಚಿತ್ರಗಳನ್ನು ಬೆಳೆಸಿದರು. ಬಳಿಕ ಪ್ಯಾರಿಸ್ಸಿಗೆ ಹೋಗಿ ಕಲಿತು ಬಂದರು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪಡೆದರು. ಇದೇ ಮುಂಬಯಿಯಲ್ಲಿ ಎಂ. ಎಫ್. ಹುಸೇನರು ಆರಂಭದ ದಿನಗಳಲ್ಲಿ ಸಿನಿಮಾ ಹೋರ್ಡಿಂಗುಗಳಿಗೆ ಬಣ್ಣ ಹಚ್ಚಿ ಹೊಟ್ಟೆ ಹೊರೆದದ್ದು ಎಲ್ಲರಿಗೂ ತಿಳಿದಿದೆ. ಒಬ್ಬರು ಮುದ್ರಣಾಲಯಕ್ಕೆ ಹಣ ಹೂಡಿದರು, ಒಬ್ಬರು ಕೈಯ ಕೆಲಸವನ್ನು ಮಾರಿದರು, ಒಬ್ಬರು ಪಾಠ ಹೇಳಿದರು. ಕಲೆಯ ಜೊತೆಗೆ ಮಾರಬಲ್ಲ ಇನ್ನೊಂದು ಸಾಮರ್ಥ್ಯವನ್ನು ಪ್ರತಿಯೊಬ್ಬರೂ ಹುಡುಕಿಕೊಳ್ಳಬೇಕಾಯಿತು.

ಆ ದಾರಿಗಳೆಲ್ಲ ಇಂದು ಹಾಗೆಯೇ ಉಳಿದಿಲ್ಲ. ಕಲ್ಲಚ್ಚಿನ ಜಾಗಕ್ಕೆ ಆಫ್‌ಸೆಟ್ ಬಂತು. ಕ್ಯಾಲೆಂಡರಿನ ವ್ಯಾಪಾರದ ದೊಡ್ಡ ಪಾಲು ಶಿವಕಾಶಿಗೆ ಹೋಯಿತು. ಕಂಪ್ಯೂಟರು ಮತ್ತು ಫ್ಲೆಕ್ಸ್ ಬಂದು ಕೈಬರಹದ ಬ್ಯಾನರುಗಳನ್ನು ಇಳಿಸಿದವು. ನಾನು ಚಿಕ್ಕವನಿದ್ದಾಗ ಕುರ್ಲಾದ ಅಂಗಡಿಗಳ ಮುಂದೆ ಏಣಿ ಹಾಕಿ ಬೋರ್ಡು ಬರೆಯುತ್ತಿದ್ದ ಪೇಂಟರುಗಳು ಈಗ ಕಾಣಸಿಗುವುದು ಅಪರೂಪ. ಈಗ ಯಂತ್ರಕ್ಕೆ ನಾಲ್ಕು ಮಾತು ಹೇಳಿದರೆ ಅದೇ ಚಿತ್ರ ಬರೆದುಕೊಡುತ್ತದಂತೆ. ಇದನ್ನು ಮಗಳಿಂದ ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ಅವಳಿಗೆ ತಿಳಿಯದೆಯೆ? ನನಗಿಂತ ಚೆನ್ನಾಗಿ ಅವಳೇ ಬಲ್ಲಳು.

ಇಷ್ಟನ್ನೂ ಹೇಳಿ, “ಸಂಸಾರ ನಡೀತಿತ್ತು. ಆದರೆ ಹೇಳಿದ ದಿನಕ್ಕೆ ಚಿತ್ರ ಕೊಡ್ತಿದ್ದರು, ಅದಕ್ಕೇ ನಡೀತಿತ್ತು” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಕೊಡ್ತೀನಿ” ಎಂದಳು. ಅವಳ ಅಮ್ಮ ಒಳಗಿನಿಂದಲೇ, “ಮೊದಲು ಹನ್ನೆರಡನೆಯದನ್ನು ಪಾಸು ಮಾಡಿ ಕೊಡು” ಎಂದು ಕೂಗಿದಳು.

ಅಪ್ಲೈಡ್ ಆರ್ಟಿನ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಲು ಒಪ್ಪಿದ್ದೇನೆ. ಒಪ್ಪಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ರಾಧಾಕೃಷ್ಣರ ಹಳೆಯ ಕಟ್ಟು ಸಡಿಲಾಗಿದ್ದರಿಂದ ಹೊಸದು ಹಾಕಿಸಲು ಒಯ್ದೆ. ಅಂಗಡಿಯಾತ ಅಂಚನ್ನು ಸ್ವಲ್ಪ ಕತ್ತರಿಸಿದರೆ ಅಳತೆಗೆ ಸರಿಹೋಗುತ್ತದೆಂದ. ಬೇಡ, ಕೆಳಗಿನ ರುಜು ಕಾಣುವಂತಿರಲಿ ಎಂದೆ. ವಾಚಕರ ಮನೆಗಳಲ್ಲಿಯೂ ಇಂಥ ಹಳೆಯ ಚಿತ್ರಗಳಿದ್ದರೆ ಒಮ್ಮೆ ಮೂಲೆಯನ್ನು ಒರೆಸಿ ನೋಡಿ. ಅಲ್ಲಿಯೂ ಒಬ್ಬರ ಹೆಸರಿದ್ದೀತು.