ಬಿಜಾಪುರದ ರಾಜಮನೆತನ

ಆದಿಲ್‌ಶಾಹಿ ಸುಲ್ತಾನರ ವಂಶಾವಳಿಯನ್ನು ಒಂದೇ ಸಭೆಯಾಗಿ ತೋರಿಸುವ ಚಿಕಣಿ ಚಿತ್ರ. ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಇಬ್ಬರು ಕಲಾವಿದರು ಸುಮಾರು 1680ರಲ್ಲಿ ಕಾಗದದ ಮೇಲೆ ಬಣ್ಣ, ಚಿನ್ನ, ಬೆಳ್ಳಿ ಬಳಸಿ ಬರೆದದ್ದು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಇಸ್ಲಾಮಿ ಕಲಾ ವಿಭಾಗ ಇದನ್ನು 1982ರಲ್ಲಿ ಕೊಂಡುಕೊಂಡಿತು.

ಹೆಚ್ಚುಕಡಿಮೆ ಎರಡು ಶತಮಾನ ಆಳಿದವರೆಲ್ಲ ಇಲ್ಲಿ ಒಂದೇ ರತ್ನಗಂಬಳಿಯ ಮೇಲೆ ಕೂತಿದ್ದಾರೆ. ಸತ್ತವರನ್ನೂ ಬದುಕಿರುವವರನ್ನೂ ಹೀಗೆ ಜೊತೆಗೂಡಿಸುವ ರೂಢಿ ಮೊಗಲರದು. ಅಕ್ಬರ್, ಜಹಾಂಗೀರ್, ಷಹಜಹಾನ್ ಮೂವರನ್ನೂ ಒಟ್ಟಿಗೆ ಕೂರಿಸಿ ಬಿಚಿತ್ರ್ ಬರೆದ ಚಿತ್ರ (ಸು. 1630) ಅದರ ಹೆಸರಾಂತ ಉದಾಹರಣೆ. ಬಿಜಾಪುರವನ್ನು ನುಂಗಲು ಕಾದಿದ್ದವರ ಮಾದರಿಯಲ್ಲೇ ಬಿಜಾಪುರ ತನ್ನ ಹಿರಿಮೆಯನ್ನು ಸಾರಿಕೊಂಡಿತು.

ನಡುವೆ ಇರುವವನು ವಂಶದ ಮೂಲಪುರುಷ ಯೂಸುಫ್ (ಆಳ್ವಿಕೆ 1490–1510). ಸಂಗ್ರಹಾಲಯದ ವಿವರಣೆಯಂತೆ, ಅವನು ಇರಾನಿನ ಸಫಾವಿ ದೊರೆ ಷಾ ಇಸ್ಮಾಯಿಲನಿಂದ ಕೀಲಿಕೈ ಪಡೆಯುತ್ತಿದ್ದಾನೆ. ಶಿಯಾ ಪಂಥ ರಾಜಧರ್ಮವಾದುದರ ಗುರುತದು. ಇಂಥ ಭೇಟಿ ನಡೆದದ್ದೇ ಇಲ್ಲ. ಇಸ್ಮಾಯಿಲ್ ಹುಟ್ಟಿದ್ದೇ 1487ರಲ್ಲಿ. ಯೂಸುಫ್ ಅದಕ್ಕೂ ಮೊದಲೇ ದಖನ್ನಿಗೆ ಬಂದು ಬಹಮನಿಗಳ ಸೇವೆಯಲ್ಲಿದ್ದ. ಪಂಥದ ಮಾತೂ ಅಷ್ಟು ಸಲೀಸಲ್ಲ. ಮೊದಲನೆಯ ಇಬ್ರಾಹಿಂ ಸುನ್ನಿ ಪಂಥಕ್ಕೆ ತಿರುಗಿದ, ಮೊದಲನೆಯ ಅಲಿ ಶಿಯಾ ಪಂಥಕ್ಕೆ ಮರಳಿದ. ಎರಡನೆಯ ಇಬ್ರಾಹಿಮನೂ ಸುನ್ನಿಯೇ. ‘ಕಿತಾಬ್-ಎ-ನವರಸ್’ ಬರೆದು ಸರಸ್ವತಿಯನ್ನು ಸ್ತುತಿಸಿದ, ಜನ ‘ಜಗದ್ಗುರು’ ಎಂದು ಕರೆದ ಸುಲ್ತಾನ ಅವನು. ಆ ಕೀಲಿಕೈ ಅವನಿಗೆ ಎಷ್ಟು ಒಪ್ಪಿಗೆಯಾಗುತ್ತಿತ್ತೋ! ಚಿತ್ರ ಈ ಬಿರುಕುಗಳನ್ನೆಲ್ಲ ಗಂಬಳಿಯಡಿ ಮುಚ್ಚಿದೆ.

ಹಿನ್ನೆಲೆಯ ಭೂದೃಶ್ಯ ಕಲ್ಪಿತ. ದೂರದಲ್ಲಿ ಕಾಣುವ ಕಡಲು ರಾಜ್ಯ ಒಮ್ಮೆ ಎಲ್ಲಿಯವರೆಗೆ ಹಬ್ಬಿತ್ತೆಂದು ನೆನಪಿಸುತ್ತದೆ. ಆದರೆ ಗೋವಾ 1510ರಲ್ಲೇ ಪೋರ್ಚುಗೀಸರ ಪಾಲಾಗಿತ್ತು. 1636ರಲ್ಲಿ ಬಿಜಾಪುರ ಮೊಗಲರ ಮೇಲಧಿಕಾರವನ್ನು ಒಪ್ಪಬೇಕಾಯಿತು. ಆದಿಲ್‌ಶಾಹಿ ಸರದಾರ ಷಹಾಜಿಯ ಮಗ ಶಿವಾಜಿ 1674ರಲ್ಲಿ ಸ್ವತಂತ್ರ ದೊರೆಯಾಗಿ ಪಟ್ಟಾಭಿಷೇಕ ಮಾಡಿಸಿಕೊಂಡಿದ್ದ.

ಚಿತ್ರ ಸಿದ್ಧವಾದಾಗ ಆಳುತ್ತಿದ್ದವನು ಸಿಕಂದರ್. ಸಾಲಿನಲ್ಲಿ ಅವನು ಬಾಲಕನಾಗಿಯೇ ಇದ್ದಾನೆ. 1672ರಲ್ಲಿ ಎಳೆಯ ಮಗುವಾಗಿ ಪಟ್ಟಕ್ಕೆ ಬಂದ ಅವನ ಹೆಸರಿನಲ್ಲಿ ಖವಾಸ್ ಖಾನ್, ಬಹಲೋಲ್ ಖಾನ್, ಸಿದ್ದಿ ಮಸೂದ್ ಒಬ್ಬರಾದ ಮೇಲೊಬ್ಬರು ಆಡಳಿತ ನಡೆಸಿದರು. ವರ್ಷಕ್ಕೂ ಮೀರಿದ ಮುತ್ತಿಗೆಯ ಬಳಿಕ 1686ರ ಸೆಪ್ಟೆಂಬರ್‌ನಲ್ಲಿ ಕೋಟೆ ಔರಂಗಜೇಬನ ವಶವಾಯಿತು. ಸಿಕಂದರ್ ಮೊಗಲರ ಸೆರೆಯಲ್ಲೇ ತೀರಿಕೊಂಡ.

ಇದೇ ಸಂಗ್ರಹಾಲಯದಲ್ಲಿ 2015ರಲ್ಲಿ ನಡೆದ ದಖನ್ ಸುಲ್ತಾನರ ಕಲೆಯ ಪ್ರದರ್ಶನದಲ್ಲಿ ಈ ಚಿತ್ರವೂ ಇತ್ತು.